ಲಂಗದತ್ತೆ ಬಾಗಿಲು ದಾಟಿದ್ದು

ಬಸ್ ನಿಲ್ದಾಣದ ಟಿಕೆಟ್ ಕಿಂಡಿಯ ಹಿಂದೆ ಕೂತೇ ಆಕೆಯ ಕೂದಲು ಬೆಳ್ಳಗಾಗಿತ್ತು. ಊರಿನವರನ್ನೆಲ್ಲ ಊರೂರಿಗೆ ಕಳಿಸಿದವಳು, ತಾನು ಮಾತ್ರ ಕೂತ ಜಾಗದಿಂದ ಅಲ್ಲಾಡಿರಲಿಲ್ಲ. ನಿವೃತ್ತಿಯಾದದ್ದೇ ತಡ, ಕಾಲಿಗೆ ಚಕ್ರ ಕಟ್ಟಿಕೊಂಡಳು. ಹೋಗುತ್ತಿದ್ದದ್ದು ಬೆಟ್ಟಕ್ಕಲ್ಲ, ಕಡಲಿಗಲ್ಲ. ಯಾವ ಊರಿನ ಮ್ಯೂಸಿಯಂನಲ್ಲಿ ಹಿಂದಿನ ಕಾಲದ ಹೆಂಗಸರ ಉಡುಪುಗಳಿವೆಯೋ ಅಲ್ಲಿಗೆ. ಅಣ್ಣನ ಮಕ್ಕಳು ಇಟ್ಟ ಹೆಸರು ಲಂಗದತ್ತೆ.

ಈ ಹುಚ್ಚು ಹತ್ತಿಸಿದ್ದು ಒಂದು ಜೊತೆ ಜೋಡು. ಮಳೆ ತಪ್ಪಿಸಿಕೊಳ್ಳಲು ಒಮ್ಮೆ ಮ್ಯೂಸಿಯಂ ಹೊಕ್ಕಾಗ, ಯಾವಳೋ ಸಿರಿವಂತೆಯ ರೇಷ್ಮೆ ಜೋಡು ಗಾಜಿನ ಪೆಟ್ಟಿಗೆಯಲ್ಲಿ ಕಂಡಿತು. ಬಲಗಾಲಿನದು ಹೆಬ್ಬೆರಳ ಬುಡದಲ್ಲಿ ಉಬ್ಬಿತ್ತು. ಲಂಗದತ್ತೆಯ ಬಲಗಾಲಿಗೂ ಅಲ್ಲೇ ಗಂಟು.

"ನೋಡೇ, ಪಾಪ, ಇವಳಿಗೂ ನನ್ನ ಕಾಲೇ," ಎಂದು ಜೊತೆಗಿದ್ದ ನಾದಿನಿಗೆ ತೋರಿಸಿದಳು.

ಅಂದಿನಿಂದ, ಜನ ಜರಿಯ ಕೆಲಸ ನೋಡಿ ಬಾಯಿ ಬಿಡುವಾಗ ಆಕೆ ಕಂಕುಳ ಬೆವರಿನ ಕಲೆ ಹುಡುಕುವಳು, ಬಿಚ್ಚಿ ಅಗಲ ಮಾಡಿದ ಸೊಂಟದ ಹೊಲಿಗೆ ಹುಡುಕುವಳು. "ಎರಡನೇ ಹೆರಿಗೆ ಆದಮೇಲೆ ಬಿಚ್ಚಿಸಿದ್ದು ಇದು," ಎಂದು ಪಕ್ಕದ ಮನೆಯವಳ ಸುದ್ದಿ ಹೇಳುವ ಹಾಗೆ ದನಿ ತಗ್ಗಿಸುವಳು. ನರ್ಸ್ ಆಗಿ ದುಡಿದು ದಣಿದ ನಾದಿನಿಗೆ ಬೇಕಾದದ್ದು ಕೂರಲು ಒಂದು ಬೆಂಚು, ಕುಡಿಯಲು ಒಂದು ಕಾಫಿ.

ಗಡಿಯಾರ ರಿಪೇರಿ ಮಾಡುವ ಲಂಗದತ್ತೆಯ ಗಂಡನಿಗೆ ಇದು ಅರ್ಥವೇ ಆಗದು. "ಸತ್ತವರ ಬಟ್ಟೆ ನೋಡೋಕೆ ಅಷ್ಟು ದೂರ ಹೋಗ್ಬೇಕಾ? ನಮ್ಮನೆ ಬೀರು ತೆಗೆದ್ರೆ ಸಾಲ್ದಾ?"

"ಅದನ್ನ ತೆಗೆದ್ರೆ ನಿಮ್ಮ ತೂತು ಬನಿಯನ್ ಬೀಳುತ್ತೆ, ಅಷ್ಟೇ."

ಆಕೆಯನ್ನು ಒಂದು ಪ್ರಶ್ನೆ ಮಾತ್ರ ಕೊರೆಯುತ್ತಿತ್ತು. ಒಳಗೆ ಸುತ್ತಲೂ ಬೆತ್ತದ ಬಳೆಗಳನ್ನು ಕಟ್ಟಿ ಬುಟ್ಟಿಯಂತೆ ಉಬ್ಬಿಸಿದ, ಹಿಂದಿನ ಸಿರಿವಂತೆಯರ ಆ ಲಂಗಗಳನ್ನು ಹಾಕಿಕೊಂಡು ಹೆಂಗಸರು ಶೌಚಕ್ಕೆ ಹೇಗೆ ಹೋಗುತ್ತಿದ್ದರು? ಗಾಜಿನ ಕೆಳಗಿನ ಫಲಕಗಳು ನೂಲಿನ ಹೆಸರು ಹೇಳುತ್ತವೆ, ಬಣ್ಣ ಎಲ್ಲಿಂದ ಬಂತೆಂದು ಹೇಳುತ್ತವೆ, ಇದೊಂದನ್ನು ಹೇಳುವುದಿಲ್ಲ. ಒಂದು ಕಡೆ ಕಾವಲುಗಾರನನ್ನೇ ಕೇಳಿದಳು. ಅವನು ಕೇಳಿಸದವನಂತೆ ಪಕ್ಕದ ಕೋಣೆಗೆ ಹೋಗಿ ನಿಂತ.

ಕೊನೆಗೆ ದೊಡ್ಡ ಊರೊಂದರ ಮ್ಯೂಸಿಯಂನಲ್ಲಿ, ನೋಡಲು ಬಂದವರು ತೊಟ್ಟು ನೋಡಲೆಂದೇ ಅಂಥ ಲಂಗದ ನಕಲೊಂದನ್ನು ಇಟ್ಟಿದ್ದರು. ಬೆನ್ನ ಹಿಂದೆ ಲಾಡಿ ಬಿಗಿಯುವ ಗಟ್ಟಿ ರವಿಕೆಯೂ ಇತ್ತು. ಲಂಗದತ್ತೆ ಹಿಂದುಮುಂದು ನೋಡಲಿಲ್ಲ. ಉಟ್ಟ ಬಟ್ಟೆಯ ಮೇಲೆಯೇ ಎರಡನ್ನೂ ಏರಿಸಿದಳು. ನಾದಿನಿ ಹಲ್ಲು ಕಚ್ಚಿ ಲಾಡಿ ಎಳೆದಳು.

"ಉಸಿರು ಬಿಡಿ ಅತ್ತಿಗೆ."

"ಬಿಟ್ಟೆ."

"ಇನ್ನೂ ಬಿಡಿ."

"ಇನ್ನು ಬಿಟ್ರೆ ಪ್ರಾಣ ಬಿಡ್ಬೇಕು ಕಣೇ."

ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದ್ದಳಷ್ಟೇ, ಬೆಳಗಿನಿಂದ ಕುಡಿದ ಕಾಫಿಯೆಲ್ಲ ತಾನಿದ್ದೇನೆಂದು ನೆನಪಿಸಿತು. ನಾದಿನಿ ಲಾಡಿಗೆ ಕೈ ಹಾಕಿದರೆ ಗಂಟು ಜಪ್ಪಯ್ಯ ಅಂದರೂ ಬಿಚ್ಚದು. ರವಿಕೆಯಡಿ ಸಿಕ್ಕಿದ ಲಂಗವೂ ಇಳಿಯದು.

"ರೋಗಿ ತಾನೇ ಬಿಚ್ಕೋಬಾರ್ದು ಅಂತ ಒಂದು ಗಂಟು ಹಾಕ್ತಿದ್ವಿ ಅತ್ತಿಗೆ. ಕೈ ಅದನ್ನೇ ಹಾಕ್ಬಿಟ್ಟಿದೆ."

ಬಯ್ಯಲೂ ಪುರುಸೊತ್ತಿರಲಿಲ್ಲ. ಲಂಗದತ್ತೆ ದೊಡ್ಡ ಗಂಟೆಯಂತೆ ಓಲಾಡುತ್ತ ಓಡಿದಳು. ದಾರಿಯಲ್ಲೊಂದು ಸ್ಟೂಲು ಉರುಳಿತು. ಶೌಚಾಲಯದ ಬಾಗಿಲಲ್ಲಿ ಲಂಗ ಸಿಕ್ಕಿಕೊಂಡಿತು. ಒಳಗೆ ಹೋಗುವಂತಿಲ್ಲ, ಹೊರಗೆ ಬರುವಂತಿಲ್ಲ. ಹಿಂದೆ ಹೆಂಗಸರ ಸಾಲು ಬೆಳೆಯಿತು. ಒಬ್ಬಳು ತಳ್ಳೋಣವೆಂದಳು, ಇನ್ನೊಬ್ಬಳು ಎಳೆಯೋಣವೆಂದಳು.

ಸುದ್ದಿ ಮುಟ್ಟಿ ಉಡುಪು ವಿಭಾಗದ ಅಧಿಕಾರಿಣಿ ಬಂದಳು. ಆಕೆ ನಗಲಿಲ್ಲ.

"ಅಮ್ಮ, ಎದುರಿಗೆ ನುಗ್ಗಬೇಡಿ. ಲಂಗದ ಎಡಗಡೆ ಬಳೆಗಳನ್ನ ಕಂಕುಳ ತನಕ ಎತ್ತಿ, ಓರೆಯಾಗಿ ಹೋಗಿ. ಮಂಚ ಬಾಗಿಲು ದಾಟಿಸ್ತೀವಲ್ಲ, ಹಾಗೆ."

ಲಂಗದತ್ತೆ ಎತ್ತಿದಳು, ಓರೆಯಾದಳು. ಹೇಳಿದ ಮಾತು ಕೇಳುವ ಮಗುವಿನಂತೆ ಬುಟ್ಟಿ ಮಡಚಿಕೊಂಡಿತು. ಸ್ವಲ್ಪ ಹೊತ್ತಿಗೆ ಪರೀಕ್ಷೆ ಪಾಸಾದವಳ ಮುಖ ಹೊತ್ತು ಹೊರಬಂದಳು.

"ಒಳಗೆ ಬಟ್ಟೆ ಬಿಚ್ಚೋದೇ ದೊಡ್ಡ ಪಾಡಾಯ್ತು ಮೇಡಂ. ಆ ಕಾಲದವರು ಹೇಗೆ ಮಾಡ್ತಿದ್ರು?"

ಅಧಿಕಾರಿಣಿ ಇಬ್ಬರನ್ನೂ ದಾಸ್ತಾನು ಕೋಣೆಗೆ ಕರೆದೊಯ್ದು, ಡ್ರಾಯರ್‌ನಿಂದ ಹಳೆಯದೊಂದು ಬಿಳಿಯ ಒಳಚಡ್ಡಿ ತೆಗೆದಳು. ಎರಡು ಕಾಲೂ ಬೇರೆಬೇರೆ, ಸೊಂಟದ ಪಟ್ಟಿಯಲ್ಲಿ ಮಾತ್ರ ಸೇರಿದ್ದವು. ನಡುವೆ ಹೊಲಿಗೆಯೇ ಇರಲಿಲ್ಲ.

"ಬಿಚ್ಚೋ ಪ್ರಮೇಯವೇ ಇಲ್ಲ," ಎಂದಳು.

ಲಂಗದತ್ತೆಗೆ ನಗು ಉಕ್ಕಿತು. ರವಿಕೆ ನಗಲು ಬಿಡದು. ಕಣ್ಣಲ್ಲಿ ನೀರು ಬಂದು ನಾದಿನಿಯ ಹೆಗಲು ಹಿಡಿದುಕೊಂಡಳು. ಆ ಗಂಟನ್ನು ಕೊನೆಗೆ ಕತ್ತರಿಯೇ ಬಿಡಿಸಬೇಕಾಯಿತು.

"ಆಗಾಗ ಬಂದು, ಇದನ್ನ ತೊಟ್ಕೊಂಡು ಕೂರೋದು ಹೇಗೆ, ಬಾಗಿಲು ದಾಟೋದು ಹೇಗೆ ಅಂತ ಜನಕ್ಕೆ ತೋರಿಸ್ತೀರಾ?" ಎಂದು ಅಧಿಕಾರಿಣಿ ಕೇಳಿದಳು. ಲಂಗದತ್ತೆ ಒಪ್ಪಿದಳು. ಲಾಡಿ ಕಟ್ಟುವ ಕೆಲಸ ನಾದಿನಿಗೆ, ಎಳೆದರೆ ಬಿಚ್ಚುವ ಗಂಟನ್ನೇ ಹಾಕಬೇಕೆಂಬ ಕರಾರಿನ ಮೇಲೆ.

ಒಂದು ದಿನ ಗಂಡನೂ ಅಂಗಡಿ ಮುಚ್ಚಿ ನೋಡಲು ಬಂದ. ಹಿಂದಿನ ಸಾಲಿನಲ್ಲಿ ನಿಂತು, ಎಲ್ಲ ಮುಗಿದ ಮೇಲೆ ಶಾಲೆಯ ಹುಡುಗನಂತೆ ಕೈ ಎತ್ತಿದ.

"ಇಷ್ಟೆಲ್ಲ ಹಾಕ್ಕೊಂಡು ಅಡುಗೆ ಯಾರು ಮಾಡ್ತಿದ್ರು?"

"ಇದನ್ನ ಹಾಕ್ಕೊಳ್ಳದೇ ಇದ್ದವರು," ಎಂದಳು ಲಂಗದತ್ತೆ. ಜನ ನಕ್ಕರು. ಆಕೆ ಮಾತ್ರ ಅಧಿಕಾರಿಣಿಯತ್ತ ತಿರುಗಿದಳು. "ಹೌದಲ್ಲ ಮೇಡಂ, ಅವರ ಬಟ್ಟೆ ಎಲ್ಲಿ?"

"ಉಳಿದಿರೋದು ಕಮ್ಮಿ ಅಮ್ಮ. ಹರಿಯೋ ತನಕ ಉಟ್ಟು, ಆಮೇಲೆ ನೆಲ ಒರೆಸಿಬಿಟ್ರು."

ಆಮೇಲಿನ ಪ್ರಯಾಣಗಳ ದಿಕ್ಕೇ ಬದಲಾಯಿತು. ದೊಡ್ಡ ಮ್ಯೂಸಿಯಂಗಳನ್ನು ಬಿಟ್ಟು ಸಣ್ಣ ಸಣ್ಣ ಊರುಗಳ ಹಿಂದಿನ ಕೋಣೆಗಳಲ್ಲಿ ಹುಡುಕಿದಳು. ಹಳೆಯ ಮನೆಯೊಂದರ ಅಡುಗೆಕೋಣೆಯಲ್ಲಿ ಗೂಟಕ್ಕೆ ನೇತುಹಾಕಿದ ಏಪ್ರನ್ ಸಿಕ್ಕಿತು. ತೇಪೆಯ ಮೇಲೆ ತೇಪೆ, ಹೊಟ್ಟೆಯ ಹತ್ತಿರ ಕಿಡಿ ಹಾರಿ ಸುಟ್ಟ ತೂತುಗಳು.

ಲಂಗದತ್ತೆ ಅದರ ಮುಂದೆ ಬಹಳ ಹೊತ್ತು ನಿಂತಳು. ಕಾಫಿಗೆ ಅವಸರ ಮಾಡದೆ ನಾದಿನಿಯೂ ಪಕ್ಕಕ್ಕೆ ಬಂದು, ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಎಡಗೈಯವಳು ಅತ್ತಿಗೆ," ಎಂದಳು. "ಕೈ ಒರೆಸಿದ ಕಲೆಯೆಲ್ಲ ಈ ಕಡೆಗೇ ಇದೆ ನೋಡಿ."