ಜಮಖಾನ ಮಗುಚುವ ಕುಲಕರ್ಣಿ ಸರ್

ಮಂಡಿನೋವು ಹೆಚ್ಚಾಗಿ ಕುಲಕರ್ಣಿ ಸರ್ ತಮ್ಮ ಆಟಗಳನ್ನು ತಾವಾಗಿಯೇ ನಿಲ್ಲಿಸಿದರು ಎಂದು ನಮ್ಮ ಬ್ಯಾಂಕಿನಲ್ಲಿ ಎಲ್ಲರೂ ಹೇಳುತ್ತಾರೆ. ಬೀಳ್ಕೊಡುಗೆಯ ಭಾಷಣಗಳಲ್ಲೂ ಅದೇ ಬಂತು. ನಾನು ಒಪ್ಪುವುದಿಲ್ಲ. ನಿವೃತ್ತಿಯ ಹಿಂದಿನ ವಾರವೂ ಅವರು ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ನಾಲ್ಕನೆಯ ಮಹಡಿಯ ತಮ್ಮ ಮನೆಗೆ, ಲಿಫ್ಟ್ ಇದ್ದರೂ, ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದರು. ಇದು ಮಂಡಿನೋವಿನವರ ಲಕ್ಷಣವೇ? ಮಂಡಿಯ ಕಥೆ ಎಲ್ಲರಿಗೂ ಅನುಕೂಲವಾಗಿತ್ತು. ಎಲ್ಲರಿಗಿಂತ ಹೆಚ್ಚಾಗಿ ನನಗೆ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಕಂಕುಳಲ್ಲಿದ್ದ ಜಮಖಾನ. ನವಲಗುಂದದ್ದು. ಕೆಂಪು ನೆಲದ ಮೇಲೆ ಎರಡು ನವಿಲು. ತುಳಿಸಿಕೊಂಡು ತುಳಿಸಿಕೊಂಡು ಒಂದು ನವಿಲಿಗೆ ಕಾಲೇ ಉಳಿದಿರಲಿಲ್ಲ. ಧಾರವಾಡದಿಂದ ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದ ಸರ್, ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ಹಿಡಿದು ಇಲ್ಲೇ ಉಳಿದುಬಿಟ್ಟಿದ್ದರು. ಅವರ ಮುಖ್ಯ ಆಟ ಒಂದೇ. ಎಂಟು ಜನ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ನಿಲ್ಲಬೇಕು. ಯಾರ ಕಾಲೂ ನೆಲಕ್ಕೆ ತಾಗದ ಹಾಗೆ, ಅದರ ಮೇಲೆ ನಿಂತುಕೊಂಡೇ ಅದನ್ನು ಮಗುಚಿ ಹಾಕಬೇಕು. ಸರ್ ಸುತ್ತಲೂ ಓಡಾಡುತ್ತ, “ಕಾಲು ಎತ್ತಂಡಿ! ಈ ಕಡೆ ಹೊಳ್ಳಸಂಡಿ!” ಎಂದು ಧಾರವಾಡಕ್ಕೂ ಆಂಧ್ರಕ್ಕೂ ಸೇರದ ಭಾಷೆಯಲ್ಲಿ ಕೂಗುವರು. ಮ್ಯಾನೇಜರು ನಿಂತಲ್ಲಿಂದಲೇ ಆಜ್ಞೆ ಕೊಡತೊಡಗಿದರೆ, “ಸಾಹೇಬ್ರ, ಬಾಯಿಂದ ಜಮಖಾನಿ ಹೊಳ್ಳೂದಿಲ್ರೀ. ಸ್ವಲ್ಪ ಬಗ್ರಿ” ಎನ್ನುವರು.

ನಾನು ಬಗ್ಗುವ ಜಾತಿಯವನಲ್ಲ. ತುಮಕೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಪರವೋ ವಿರೋಧವೋ, ಚೀಟಿಯಲ್ಲಿ ಬಂದ ಪಕ್ಷವೇ ನಮ್ಮ ನಂಬಿಕೆ. ನಮ್ಮ ಪಕ್ಷಕ್ಕೆ ಪೆಟ್ಟು ಕೊಡುವ ಸಂಗತಿ ಗೊತ್ತಿದ್ದರೂ ಬಾಯಿ ಬಿಡಬಾರದು. ಈ ವಿದ್ಯೆಯ ಸಮೇತ ವಿಶಾಖಪಟ್ಟಣದ ಶಾಖೆಗೆ ಬಂದ ಮೊದಲ ವಾರವೇ, ಪಾಸ್‌ಬುಕ್ ಕೌಂಟರಿನ ಪದ್ಮಗಾರು ಹೇಳಿದ ನಿಯಮವೊಂದು ತಪ್ಪೆಂದು ಗ್ರಾಹಕರೆದುರೇ ಸಾಧಿಸಿ ಗೆದ್ದೆ. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಆಮೇಲೆ ಎರಡು ತಿಂಗಳು ನಮ್ಮಿಬ್ಬರ ನಡುವೆ ಮಾತಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಅಟೆಂಡರ್ ಕೈಯಲ್ಲಿ ಕಳಿಸುವುದು.

ಒಂದು ಶನಿವಾರ ಶಾಖೆ ಮುಚ್ಚಿದ ಮೇಲೆ ಸರ್ ಜಮಖಾನ ಹಾಸಿದರು. ನನ್ನ ಪಕ್ಕದಲ್ಲೇ ಪದ್ಮಗಾರು ಅವರನ್ನು ನಿಲ್ಲಿಸಿದರು. ಅರ್ಧ ಮಗುಚಿದಾಗ ಎಂಟೂ ಜನ ಒಂದು ಮೂಲೆಗೆ ಒತ್ತಿದೆವು. ಪದ್ಮಗಾರು ವಾಲಿದರು. “ಪಟ್ಟುಕೋಂಡಿ, ಬಾಬೂ, ಪಟ್ಟುಕೋಂಡಿ!” ಎಂದು ಕೂಗಿ, ನಾನು ಹಿಡಿದುಕೊಳ್ಳುವ ಮೊದಲೇ ತಾವೇ ನನ್ನ ಅಂಗಿಯ ಕಾಲರನ್ನು ಹಿಡಿದರು. ನಾನು ಅವರ ಮೊಣಕೈ ಹಿಡಿದೆ. ಎರಡು ಗುಂಡಿ ಕಿತ್ತುಹೋದವು, ಇಬ್ಬರೂ ಬೀಳಲಿಲ್ಲ. ಸೋಮವಾರ ಪಿಂಚಣಿಯ ಮುದುಕರೊಬ್ಬರು ತೆಲುಗಿನಲ್ಲಿ ನನ್ನ ಮೇಲೆ ರೇಗುತ್ತಿದ್ದಾಗ, ಪದ್ಮಗಾರು ತಮ್ಮ ಕೌಂಟರ್ ಬಿಟ್ಟು ಬಂದು ನನ್ನ ಪಕ್ಕ ನಿಂತು ಸಮಾಧಾನ ಮಾಡಿದರು. ಮಧ್ಯಾಹ್ನ ಅವರ ಡಬ್ಬಿಯ ಗೋಂಗುರ ಪಚ್ಚಡಿ ನನ್ನ ತಟ್ಟೆಗೆ ಬಂತು. ದೂರದಿಂದ ನೋಡಿದ ಸರ್ ಬೆರಳಿನಿಂದ ತಮ್ಮ ಅಂಗಿಯ ಗುಂಡಿ ಮುಟ್ಟಿ ತೋರಿಸಿ ನಕ್ಕರು, ಅಷ್ಟೆ.

ಮರುವರ್ಷ ವಿಜಯವಾಡದಲ್ಲಿ, ಪಟಮಟದ ಸಭಾಂಗಣವೊಂದರಲ್ಲಿ, ಎಲ್ಲ ಶಾಖೆಗಳವರಿಗೂ ತರಬೇತಿ, ಅಲ್ಲೂ ಜಮಖಾನದ ಆಟ. ಹೊಸದಾಗಿ ಬಂದಿದ್ದ ಹಿರಿಯ ಅಧಿಕಾರಿಗಳು ಕೊನೆಗೆ, “ಈ ಆಟಗಳು ಮುಂದೆಯೂ ಬೇಕೇ? ಸಿಬ್ಬಂದಿಯಲ್ಲಿ ಯಾರಾದರೂ ಹೇಳಿ” ಎಂದರು. ಸರ್ ತಾವೇ ನನ್ನನ್ನು ಎಬ್ಬಿಸಿದರು. “ಇಂವಾ ನಮ್ಮ ಹುಡುಗ ರೀ. ಭಾಳ ಛಂದ ಮಾತಾಡ್ತಾನ.”

ಮೈಕು ಕೈಗೆ ಬಂತು. ಹಿರಿಯ ಅಧಿಕಾರಿಗಳ ಮುಖದಲ್ಲಿ ಬೇಸರ ಕಂಡಿತು. ಚೀಟಿ ಎತ್ತುವುದೇ ಬೇಕಾಗಲಿಲ್ಲ, ವಿರೋಧ ಪಕ್ಷ ಹಿಡಿದೆ. ಜಮಖಾನಕ್ಕೂ ಕೌಂಟರಿಗೂ ಏನು ಸಂಬಂಧ? ದೊಡ್ಡವರನ್ನು ಒಂಟಿಕಾಲಲ್ಲಿ ಕುಣಿಸಿದರೆ ಸೌಹಾರ್ದ ಹುಟ್ಟುತ್ತದೆಯೇ? ಸಭೆ ನಗುತ್ತಿತ್ತು. ನಾನು ಸರ್ ಕಡೆ ತಿರುಗಿ, “ಈ ಆಟದಿಂದ ಇಬ್ಬರು ಒಂದಾದ ಉದಾಹರಣೆ ಕೊಡಿ ಸರ್. ಒಂದೇ ಒಂದು ಸಾಕು” ಎಂದೆ.

ಮೂರನೆಯ ಸಾಲಿನಲ್ಲಿ ಪದ್ಮಗಾರು ಕೂತಿದ್ದರು. ಸರ್ ಅವರನ್ನು ನೋಡಿದರು. ನನ್ನನ್ನು ನೋಡಿದರು. ಬರಿಗಾಲಲ್ಲಿ, ಎಲ್ಲರೂ ಇಳಿದುಹೋದ ಜಮಖಾನದ ಮೇಲೆ ಒಬ್ಬರೇ ನಿಂತಿದ್ದರು. “ಖರೇ ಅದ. ಹೇಳೂದು ಕಷ್ಟ” ಎಂದರು. ಚಪ್ಪಾಳೆ ಬಿತ್ತು. ಪದ್ಮಗಾರು ಮಾತ್ರ ಸೆರಗಿನ ತುದಿ ಸುತ್ತುತ್ತಿದ್ದರು. ಸಂಜೆ ರೈಲಿನಲ್ಲಿ ಸರ್ ಕಡಲೆಬೀಜದ ಪೊಟ್ಟಣ ನನ್ನತ್ತ ಚಾಚಿ, “ಭಾಳ ಛಲೋ ಮಾತಾಡಿದಿ ನೋಡಪಾ ತಮ್ಮಾ” ಎಂದರು. ವ್ಯಂಗ್ಯ ಹುಡುಕಿದೆ. ಇರಲಿಲ್ಲ.

ಹಿರಿಯ ಅಧಿಕಾರಿಗಳು ಆಟಗಳನ್ನು ನಿಲ್ಲಿಸಿದರು. ನಿವೃತ್ತಿಯವರೆಗಿನ ಎಂಟು ತಿಂಗಳು ಅವರು ಹಳೆಯ ಫೈಲುಗಳ ಕೋಣೆಯಲ್ಲಿದ್ದರು. ಯಾರಾದರೂ ಕೇಳಿದರೆ ಮಂಡಿ ತೋರಿಸುತ್ತಿದ್ದರಂತೆ. ಆ ಕಥೆ ಅವರೇ ಹುಟ್ಟಿಸಿದ್ದು. ನನ್ನ ಹೆಸರು ಬರದಿರಲಿ ಅಂತ, ಇನ್ನೇಕೆ?

ಧಾರವಾಡಕ್ಕೆ ಹೊರಡುವ ಬೆಳಿಗ್ಗೆ ಅವರ ಮನೆಗೆ ಹೋದೆ. ಸಾಮಾನು ಲಾರಿಗೆ ಏರಿತ್ತು. ತಾರಸಿಯ ಬಿಸಿಲಲ್ಲಿ ಜಮಖಾನ ಒಂದೇ ಉಳಿದಿತ್ತು. “ಛಲೋ ಆತು ಬಂದಿ. ಆ ತುದಿ ಹಿಡಿಯಪಾ. ಒಬ್ಬಾಂವಗ ಮಡಚಲಿಕ್ಕೆ ಬರೂದಿಲ್ಲ” ಎಂದರು. ನಾನು ಬಗ್ಗಿ ಹಿಡಿದೆ. ಒಬ್ಬರತ್ತ ಒಬ್ಬರು ನಡೆದು ಮೂಲೆಗೆ ಮೂಲೆ ಸೇರಿಸಿದೆವು. ಕ್ಷಮೆ ಕೇಳಲು ಮಾತು ಕಲಿತುಬಂದಿದ್ದವನು ಜಮಖಾನದ ಧೂಳು ಕೊಡವುತ್ತ ನಿಂತೆ. ಸರ್ ನನ್ನ ಕೈಯ ಮೂಲೆಗಳನ್ನೂ ತೆಗೆದುಕೊಂಡು, ಮಡಚಿದ್ದನ್ನು ಕಂಕುಳಲ್ಲಿಟ್ಟು, ಮೆಟ್ಟಿಲ ಕಡೆ ತಿರುಗಿದರು. ಆಗ ಅವರ ಬೆನ್ನಿಗೆ ಕೇಳಿದೆ:

“ಸರ್, ಅವತ್ತು ಒಂದೇ ಒಂದು ಉದಾಹರಣೆ ಕೇಳಿದೆನಲ್ಲ, ನನ್ನ ಹೆಸರು ಯಾಕೆ ಹೇಳಲಿಲ್ಲ?”