ಬೇಡ ಅನ್ನುತ್ತಿದ್ದ ಅಂಗಡಿಯಣ್ಣ

ನಮ್ಮ ಮೊಮ್ಮಗಳಿಗೆ ನರ್ಸ್ ಕೆಲಸ ಸಿಕ್ಕಿತು! ಬೆಳಿಗ್ಗೆ ಅರಸೀಕೆರೆಯ ಆಸ್ಪತ್ರೆಯಿಂದ ಫೋನು ಬಂತು, ಸೋಮವಾರದಿಂದಲೇ ಬರಬೇಕಂತೆ. ಮಗ, ಸೊಸೆ ಇಬ್ಬರೂ ಅಳುತ್ತಾ ನಗುತ್ತಾ ನಿಂತುಬಿಟ್ಟರು. ನಾನಂತೂ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದೆ. ಓಡಿ ಹೋಗಿ ನಿಂತದ್ದು ಮೂಲೆಯ ದಿನಸಿ ಅಂಗಡಿಯ ಮುಂದೆ. ಬಾಗಿಲು ಹಾಕಿತ್ತು. ಅದು ಹಾಕಿ ಬಹಳ ಕಾಲವಾಯಿತು, ಗೊತ್ತಿದ್ದೂ ಹೋಗಿದ್ದೆ.

ಆ ಅಂಗಡಿಯಣ್ಣನ ಕೈ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಗಲವಾದ ಅಂಗೈ, ಅರಿಸಿನ ಹತ್ತಿದ ಉಗುರು, ತಕ್ಕಡಿ ಹಿಡಿದು ಹಿಡಿದು ದಪ್ಪಗಾದ ಬೆರಳು. ನಾವು ಏನಾದರೂ ಕೇಳಿದರೆ ಆ ಕೈ ಡಬ್ಬದ ಮುಚ್ಚಳವನ್ನು ಅದುಮಿ ಹಿಡಿಯುತ್ತಿತ್ತು. ಆಮೇಲೆ ಪ್ರಶ್ನೆ ಶುರು.

ಮೊಮ್ಮಗಳು ಚಿಕ್ಕವಳಿದ್ದಾಗ ದಿನಾ ಬಿಸ್ಕತ್ತಿಗೆ ಹಟ ಮಾಡುತ್ತಿದ್ದಳು. ಒಂದು ದಿನ ಅವಳನ್ನು ಎತ್ತಿಕೊಂಡೇ ಹೋಗಿ ಕೇಳಿದೆ.

“ನಿನ್ನೆ ಒಯ್ದಿದ್ದು ಏನಾಯ್ತವ್ವ?”

“ಮೊಮ್ಮಗಳು ತಿಂದ್ಲು ಕಣಣ್ಣ.”

“ಹಸ್ದು ತಿಂದ್ಲೋ, ಬಾಯಿ ಮುಚ್ಸಕ್ಕೆ ಕೊಟ್ಯೋ?”

ನಾನು ಮೊಮ್ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡೆ. ಅಣ್ಣ ಬಿಡಲಿಲ್ಲ.

“ಮನೇಲಿ ರಾಗಿ ಐತೆ. ಹುರಿಹಿಟ್ಟು ಮಾಡಿ ಬೆಲ್ಲ ಹಾಕಿ ಕೊಡು. ಬೆಲ್ಲ ಬೇಕಾದ್ರೆ ತಗೊಂಡೋಗು, ಬಿಸ್ಕತ್ತು ಕೊಡಲ್ಲ.”

ಅವರ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತಿದ್ದೆ. ಅವರು ಒಳಗಿಂದಲೇ ಕೂಗಿದರು: “ಬಂದ ಗಿರಾಕೀನೆಲ್ಲ ಓಡ್ಸಕ್ಕೆ ಅಂಗ್ಡಿ ಯಾಕ್ರೀ ಬೇಕು? ಬೀಗ ಜಡ್ದು ಜಗಲೀಲಿ ಕುಂತ್ಕೊಂಡು ಬುದ್ಧಿ ಹೇಳಿ, ಕರೆಂಟಾದ್ರೂ ಉಳೀತದೆ!”

ನಮ್ಮೂರು ಗಂಡಸಿಯ ಈ ಬೀದಿಯ ಸಂಸಾರಗಳೆಲ್ಲ ಖರ್ಚು ಹಿಡಿಯಲು ಕಲಿತದ್ದು ಅಲ್ಲೇ. ಸೋಪು ಕೊಂಡರೆ ಕಾಗದ ಬಿಚ್ಚಿ ಗಾಳಿಗೆ ಒಣಗಿಸು, ಅರ್ಧ ಕತ್ತರಿಸಿ ಬಳಸು, ಬೇಗ ಕರಗಲ್ಲ ಅನ್ನುತ್ತಿದ್ದರು. ಕಾಳು ನೆನೆಹಾಕದೆ ಬೇಯಿಸಿದೆ ಅಂದರೆ ಗ್ಯಾಸು ಸುಟ್ಟದ್ದಕ್ಕೆ ತಮ್ಮದೇ ಗಂಟು ಹೋದ ಹಾಗೆ ಸಂಕಟಪಡುವರು. ಎಣ್ಣೆ ಪ್ಯಾಕೆಟ್ ಕೇಳಿದರಂತೂ ಬೈಗುಳವೇ: “ಅಟ್ಟದ ತುಂಬ ಕೊಬ್ಬರಿ ಇಟ್ಕೊಂಡು ಎಣ್ಣೆ ಕೊಳ್ಳಕ್ಕೆ ಬಂದವ್ಳೆ! ಒಡಕು ಕೊಬ್ಬರೀನ ಮಿಲ್ಲಿಗೆ ಹಾಕ್ಸು, ಹೋಗು.” ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ತಿಂಗಳ ಕೊನೆಗೂ ಕೈಯಲ್ಲಿ ನಾಲ್ಕು ಕಾಸು ನಿಲ್ಲತೊಡಗಿತು. ಅದನ್ನೇ ಕೂಡಿಟ್ಟು ಮೊಮ್ಮಗಳನ್ನು ನರ್ಸಿಂಗಿಗೆ ಸೇರಿಸಿದೆವು.

ನಮಗೆ ಉಳಿದದ್ದೆಲ್ಲ ಅವರಿಗೆ ಬರಬೇಕಾಗಿದ್ದದ್ದು ಅಂತ ನಮಗೆ ತಿಳಿಯುವಷ್ಟರಲ್ಲಿ ಅಂಗಡಿ ಸೊರಗಿಹೋಗಿತ್ತು. ಡಬ್ಬಗಳ ತಳ ಕಾಣುತ್ತಿತ್ತು. ಹೊಸ ಸಾಮಾನು ತರಲು ಅಣ್ಣನ ಕೈ ಬರಿದು. ಬೀದಿಯ ಹೆಂಗಸರೆಲ್ಲ ಮಾತಾಡಿಕೊಂಡು, ಬೇಕಿರಲಿ ಬಿಡಲಿ ಏನಾದರೂ ಕೊಳ್ಳೋಣ ಅಂತ ಹೊರಟೆವು. ಮುಂದೆ ನಾನು.

“ಅಣ್ಣ, ಎರಡು ಸೋಪು, ಒಂದು ಪೇಸ್ಟು.”

“ಮೊನ್ನೆ ತಾನೆ ಒಯ್ದ್ಯಲ್ಲ?”

“ನೆಂಟರು ಬಂದವ್ರೆ.”

“ಯಾವೂರೋರು?”

“ಬೇಲೂರೋರು.”

“ಪಾಪ, ಬೇಲೂರಲ್ಲಿ ಸೋಪು ಸಿಕ್ಕಲ್ವಾ?”

ನನ್ನ ಹಿಂದೆ ನಿಂತಿದ್ದ ಹೆಂಗಸರು ಕಿಸಕ್ಕನೆ ನಕ್ಕುಬಿಟ್ಟರು. ಅಣ್ಣನೂ ನಕ್ಕರು. ಆಮೇಲೆ ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ನಾನಿಟ್ಟ ನೋಟನ್ನು ನನ್ನ ಕಡೆಗೇ ತಳ್ಳಿದರು. “ಮಗೀಗೆ ಫೀಸು ಕಟ್ಟೋದೈತೆ. ನಡಿಯವ್ವ.”

“ಅಂಗ್ಡಿ ಮುಚ್ಚೋಯ್ತದೆ ಅಣ್ಣ.”

“ಮುಚ್ಚೋದ್ರೆ ಮುಚ್ಚೋಗ್ಲಿ. ಬ್ಯಾಡದ ಸಾಮಾನು ತುಂಬ್ಕೊಂಡು ನೀವ್ಯಾಕೆ ಹಾಳಾಗ್ತೀರಿ?”

ಏನು ಮಾಡುವುದು ಹೇಳಿ. ಹಾಗೇ ಕೊಡುತ್ತೇವೆಂದರೆ ತೆಗೆದುಕೊಳ್ಳುವವರಲ್ಲ. ಕೊಳ್ಳುತ್ತೇವೆಂದರೆ ಮಾರುವವರಲ್ಲ. ದುಡ್ಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಷ್ಟೂ ಜನ ಮನೆಗೆ ವಾಪಸು ಬಂದೆವು.

ಅಂಗಡಿ ಮುಚ್ಚಿತು. ಅಣ್ಣ ಜಗಲಿಯ ಮೇಲೆ ಕೂತು ಹೋಗಿಬರುವವರ ಚೀಲ ಇಣುಕಿ ನೋಡುತ್ತಿದ್ದರು. ಹೋದ ಸಂಕ್ರಾಂತಿ ಕಳೆದ ಮೇಲೆ ಉಸಿರಿನ ತೊಂದರೆ ಬಂದು ಮಲಗಿದವರು ಏಳಲಿಲ್ಲ. ಗಂಜಿ ಕಾಯಿಸಿ ಒಯ್ದೆ, ನುಂಗಲಾಗಲಿಲ್ಲ. ಪಕ್ಕದಲ್ಲಿ ಕೂತಿರುವುದೊಂದೇ ನನ್ನಿಂದ ಆದದ್ದು.

ಇವತ್ತು ಪಾಯಸಕ್ಕೆ ಸಕ್ಕರೆ, ಶಾವಿಗೆ, ತುಪ್ಪ ಎಲ್ಲವೂ ಬೇಕಾಗಿತ್ತು. ನಿಜವಾಗಿ ಬೇಕಾಗಿತ್ತು. ಮಗ ಅರಸೀಕೆರೆಗೆ ಹೋಗಿ ದೊಡ್ಡ ಅಂಗಡಿಯಿಂದ ಚೀಲ ತುಂಬ ತಂದ. ಸೊಸೆ ಹೋಗಿ ಅತ್ತಿಗೆಯನ್ನು ಕರೆತಂದಳು.

ಸಂಜೆ ಊಟಕ್ಕೆ ಕೂತಾಗ ಮೊಮ್ಮಗಳು, “ಅಜ್ಜಿ, ಫಸ್ಟ್ ಸಂಬಳದಲ್ಲಿ ನಿಂಗೇನು ಬೇಕು ಹೇಳು” ಅಂದಳು. ಎಷ್ಟು ಯೋಚಿಸಿದರೂ ನನಗೆ ಏನೂ ಹೊಳೆಯಲಿಲ್ಲ.

“ಕೇಳ್ಕೊಳ್ಳವ್ವ,” ಅಂದರು ಅತ್ತಿಗೆ, ಅನ್ನ ಕಲಸುತ್ತಾ. “ಬ್ಯಾಡ ಅನ್ನೋರು ಹೋದ್ರಲ್ಲ.”

ಮೊದಲು ಅತ್ತಿಗೆಯೇ ನಕ್ಕರು, ಮೊಮ್ಮಗಳು ನಕ್ಕಳು, ನಾವೂ ಕಣ್ಣು ಒರೆಸಿಕೊಳ್ಳುತ್ತಾ ನಕ್ಕೆವು. ಸೊಸೆ ಇನ್ನೊಂದು ಸುತ್ತು ಪಾಯಸ ತಂದಳು. ಅವಳನ್ನೂ ಕೂರಿಸಿಕೊಂಡು ಎಲ್ಲರೂ ಒಟ್ಟಿಗೆ ಉಂಡೆವು.