ಮಾಜು ತಾಯಿಯ ತೆರೆಯ ಐದನೇ ಬಾವಲಿ

ಮಗು ಹಾಲು ಕುಡಿದು ಮಲಗಿದೆ. ಒಗೆದ ಬಟ್ಟೆ ಇನ್ನೂ ಒಣಗಿಲ್ಲ. ಅಷ್ಟರಲ್ಲಿ ಚಿಯಾವ್‌ಯುನ್ ಅಕ್ಕನ ಸಂಗತಿ ಬರೆದುಬಿಡುತ್ತೇನೆ.

ಅಕ್ಕ ಎಂದರೆ ನನ್ನ ಓರಗಿತ್ತಿ. ಸುಝೌ ಕಡೆಯ ಕಸೂತಿ ಮನೆತನದವಳು. ಸಮುದ್ರ ಕಂಡದ್ದೇ ಮದುವೆಯಾಗಿ ನಮ್ಮ ದ್ವೀಪಕ್ಕೆ ಬಂದ ದಿನ. ಮೊದಲ ಊಟದಲ್ಲೇ ತಟ್ಟೆಯ ಮೀನನ್ನು ಮಗುಚಿ ಹಾಕಿದ್ದಳಂತೆ. "ಅಯ್ಯೋ, ದೋಣಿ!" ಎಂದು ಅತ್ತೆ ಕಿರುಚಿಕೊಂಡರಂತೆ. ತಟ್ಟೆಯ ಮೀನಿಗೆ ಆದದ್ದೇ ಕಡಲಲ್ಲಿ ದೋಣಿಗೂ ಆಗುತ್ತದೆಂದು ಮೀನುಗಾರರ ಮನೆಯಲ್ಲಿ ಮುಳ್ಳು ಎತ್ತಿ ಕೆಳಗಿನ ಭಾಗ ತಿನ್ನುತ್ತೇವೆ. ಆ 'ಮಗುಚು' ಎಂಬ ಮಾತನ್ನೂ ಆಡುವುದಿಲ್ಲ. ಬರೆಯಲೂ ನನಗೆ ಕೈ ಅಳುಕಿತು. ಅಂದಿನಿಂದ ಒಂಬತ್ತು ವರ್ಷವಾದರೂ ಅತ್ತೆಗೆ ಅವಳು 'ಒಳನಾಡಿನವಳು'.

ಈ ಸಲ ನಮ್ಮ ಕಡಲ ದೇವತೆ ಮಾಜು ತಾಯಿಯ ಹುಟ್ಟುಹಬ್ಬಕ್ಕೆ ಪೀಠದ ಮುಂದೆ ಕಟ್ಟುವ ರೇಷ್ಮೆ ತೆರೆಯನ್ನು ಗುಡಿಯವರು ಅಕ್ಕನಿಗೇ ಒಪ್ಪಿಸಿದ್ದರು. ಐದು ತಿಂಗಳು ಕೂತು ಹೊಲಿದಳು. ನೀಲಿ ರೇಷ್ಮೆಯ ಮೇಲೆ ಅಲೆ, ಮೋಡ, ಐದು ಕೆಂಪು ಬಾವಲಿ. ನಮ್ಮ ಭಾಷೆಯಲ್ಲಿ ಬಾವಲಿ ಎಂದರೂ ಭಾಗ್ಯ ಎಂದರೂ ಕಿವಿಗೆ ಒಂದೇ ಸದ್ದು.

ಹಬ್ಬಕ್ಕೆ ಮೂರು ದಿನ ಮುಂಚೆ ಗುಡಿಯಲ್ಲಿ ತೆರೆ ಬಿಚ್ಚಿ ತೋರಿಸಿದಾಗ ಗುಡಿಯ ಹಿರಿಯ ವೆಂಗ್ ಅಜ್ಜನ ಮುಖ ಗಂಟಿಕ್ಕಿತು.

"ಈ ಐದನೇದು... ಹಾಗಿದೆಯಲ್ಲಮ್ಮ."

"ಹಾಗೆ ಅಂದ್ರೆ ಹೇಗಜ್ಜ?"

"ಹಾಗೇ ಕಣಮ್ಮ! ಕಾಲಿರೋ ಕಡೆ ತಲೆ! ನನ್ನ ಬಾಯಲ್ಲಿ ಅದನ್ನ ಹೇಳಿಸಬೇಡ."

"ಅವತ್ತು ಮೀನು, ಇವತ್ತು ಬಾವಲಿ," ಎಂದು ಅತ್ತೆ ಹಣೆ ಚಚ್ಚಿಕೊಂಡರು.

"ನಮ್ಮೂರಲ್ಲಿ ತಲೆಕೆಳಗು ಅಂದ್ರೂ 'ಬಂತು' ಅಂದ್ರೂ ಒಂದೇ ಸದ್ದು ಅಜ್ಜ. ಭಾಗ್ಯ ಬಂತು ಅಂತ ಹೊಲಿದೆ," ಎಂದಳು ಅಕ್ಕ.

"ಮೂವತ್ತು ದೋಣಿ ಕಡಲಲ್ಲಿವೆ. ಇದನ್ನ ನೋಡಿ ಯಾವ ಹೆಂಗಸಿಗೆ ನಿದ್ದೆ ಬರುತ್ತೆ? ಹಳೇ ತೆರೆಯೇ ಇರಲಿ," ಎಂದರು ಅಜ್ಜ.

ದಾರ ಬಿಚ್ಚಿದರೆ ರೇಷ್ಮೆಯಲ್ಲಿ ಸೂಜಿಯ ತೂತು ಉಳಿಯುತ್ತದೆ. ಅಕ್ಕ ತೆರೆ ಮಡಿಸತೊಡಗಿದಳು. ಆಗ ಅಜ್ಜನ ಭುಜದ ಮೇಲೆ ಮೇಲಿನಿಂದ ಏನೋ ಕರಿದು ಉದುರಿತು. ಬಾವಲಿ ಹಿಕ್ಕೆ. ಅಕ್ಕ ತಲೆ ಎತ್ತಿದಳು.

"ಅಜ್ಜ, ನಿಮ್ಮ ಸೂರಿನಲ್ಲಿರೋವು ಹೇಗಿವೆ?"

"ಅವು ಮಲಗಿವೆ ಕಣಮ್ಮ," ಎಂದರು ಅಜ್ಜ ಭುಜ ಒರೆಸಿಕೊಳ್ಳುತ್ತ.

"ಇದೂ ಮಲಗಿದೆ. ಆ ನಾಲ್ಕು ಇನ್ನೂ ಹಾರಿ ಬರ್ತಿವೆ, ಇದು ಮನೆ ಸೇರಿದೆ. ಕಾಲಿಗೊಂದು ಕೊಂಬೆ ಕೊಡೋದು ಮರೆತಿದ್ದೆ, ಅಷ್ಟೆ."

ಅಜ್ಜ ಇರುವ ಮೂರು ಹಲ್ಲೂ ಕಾಣುವಂತೆ ನಕ್ಕುಬಿಟ್ಟರು. "ಹಬ್ಬದೊಳಗೆ ಕೊಂಬೆ ಚಿಗುರುತ್ತಾ?"

"ಹಣ್ಣೂ ಬಿಡುತ್ತೆ!"

ಎರಡು ದಿನ ನಾನು ಸೂಜಿಗೆ ದಾರ ಪೋಣಿಸಿದೆ. ಅತ್ತೆ ನನ್ನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಅಕ್ಕ ಸೂಜಿ ಬಿಡುವಂತಿಲ್ಲವೆಂದು ಶಾವಿಗೆಯನ್ನು ತಾವೇ ಅವಳ ಬಾಯಿಗಿಟ್ಟರು. ಪೀಚ್ ಕೊಂಬೆ ಮೂಡಿತು, ಎರಡು ಹಣ್ಣಿನೊಂದಿಗೆ.

ಇವತ್ತು ತೆರೆ ತಾಯಿಯ ಮುಂದೆ ಇಳಿಯಿತು. ಹೆಂಗಸರೆಲ್ಲ ನೂಕಾಡಿದರು: "ಎಲ್ಲೇ ಅದು, ಮಲಗಿರೋದು?"

ಮಧ್ಯಾಹ್ನ ಅಕ್ಕ ಇಡೀ ಮೀನಿನ ಮುಳ್ಳನ್ನು ಒಂದೇ ಎಳೆತಕ್ಕೆ ಎತ್ತಿದಳು. ಅತ್ತೆ ಮೀನಿನಲ್ಲೇ ಅತಿ ರುಚಿಯಾದ ಕೆನ್ನೆಯ ಮಾಂಸ ಕಿತ್ತು ಅವಳ ಬಟ್ಟಲಿಗೆ ಹಾಕಿದರು.

"ತಿನ್ನು, ನಮ್ಮೂರವಳೇ."

ಬಾಯಿ ತುಂಬಿದ್ದರೂ ಅಕ್ಕ ನಕ್ಕುಬಿಟ್ಟಳು.